ಸಿಟಿಸಿ ಕಣ್ಣಲ್ಲಿ ಓದಿದ 70,000 ಡಾಲರ್: ಒಬ್ಬ ಅಡುಗೆ ಭಟ್ಟರ ಆಸ್ಟ್ರೇಲಿಯಾ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಹೋಟೆಲು, ಅಲ್ಲಿನ ಊರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಆದರೆ ದುಡ್ಡಿನ ಲೆಕ್ಕ ಮತ್ತು ನಿಯಮ ಇದ್ದದ್ದು ಇದ್ದ ಹಾಗೇ ಇವೆ. ಕಿಚನ್‌ನಲ್ಲಿ ಎಲ್ಲರೂ ಅವರನ್ನು ಭಟ್ರೇ ಎಂದೇ ಕರೆಯುತ್ತಿದ್ದರು, ಇಲ್ಲೂ ಹಾಗೇ ಇರಲಿ.

ನಾನು ಬೆಂಗಳೂರಿನಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸ ಮಾಡುವವನು. ಪೇರೋಲ್, ಪಿಎಫ್, ಫಾರ್ಮ್ 16, ದಿನಾ ಅದೇ. ವೀಸಾ ಏಜೆಂಟ್ ಅಲ್ಲ. ಭಟ್ಟರ ಮನೆ ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಗಿರಿನಗರದಲ್ಲಿ. ಕಾಗದ ಓದಿ ಹೇಳಿ ಸಾರ್ ಎಂದು ಬಂದರು, ಹಾಗೆ ಶುರುವಾಯಿತು.

ಆಫರ್ ಬಂದದ್ದು

ಭಟ್ಟರು ಆರು ವರ್ಷ ದೊಡ್ಡ ಹೋಟೆಲೊಂದರ ಕಿಚನ್‌ನಲ್ಲಿದ್ದವರು, ಆಮೇಲೆ ಬಸವನಗುಡಿ ಕಡೆಯ ಒಂದು ರೆಸ್ಟೋರೆಂಟಿನಲ್ಲಿ ಇಡೀ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಸಂಬಳ ತಿಂಗಳಿಗೆ 45 ಸಾವಿರ. 2023ರ ಫೆಬ್ರವರಿಯಲ್ಲಿ ಮದುವೆಗೆಂದು ಊರಿಗೆ ಬಂದಿದ್ದ ಒಬ್ಬರು ಅವರ ಕೈಯಡುಗೆ ತಿಂದು, ಕಿಚನ್‌ಗೇ ಬಂದು ಮಾತಾಡಿಸಿದರು. ಮೈಸೂರು ಕಡೆಯವರು, ಆಸ್ಟ್ರೇಲಿಯಾದಲ್ಲಿ ರೆಸ್ಟೋರೆಂಟ್ ಇಟ್ಟು ತುಂಬಾ ವರ್ಷ ಆಗಿದೆ. ವರ್ಷಕ್ಕೆ 55,000 ಆಸ್ಟ್ರೇಲಿಯನ್ ಡಾಲರ್, ಮೇಲೆ ಊಟ, ರೂಮು, ವೀಸಾ ನಾವೇ ಸ್ಪಾನ್ಸರ್ ಮಾಡುತ್ತೇವೆ ಎಂದರು. ಆಗ ಡಾಲರಿಗೆ ಸುಮಾರು 55 ರೂಪಾಯಿ. ಅಂದರೆ 30 ಲಕ್ಷ. ಆ ರಾತ್ರಿ ಭಟ್ಟರಿಗೆ ನಿದ್ದೆ ಬರಲಿಲ್ಲವಂತೆ, ಯಾರಿಗೆ ತಾನೇ ಬರುತ್ತದೆ.

ಆ ಆಫರ್ ಅವತ್ತಿನ ಮಟ್ಟಿಗೆ ಮೋಸದ್ದಲ್ಲ. 482 ವೀಸಾದಲ್ಲಿ ಹೊರಗಿನಿಂದ ಕೆಲಸದವರನ್ನು ಕರೆಸುವ ಮಾಲೀಕರು ಇಷ್ಟಕ್ಕಿಂತ ಕಡಿಮೆ ಸಂಬಳ ಕೊಡುವ ಹಾಗಿಲ್ಲ ಎಂಬ ಒಂದು ಗೆರೆ ಅಲ್ಲಿದೆ. ಆಗ ಅದನ್ನು ಟಿಎಸ್‌ಎಂಐಟಿ ಎನ್ನುತ್ತಿದ್ದರು. 2013ರಿಂದ ಅದು 53,900 ಡಾಲರಿನಲ್ಲೇ ನಿಂತಿತ್ತು. ಹತ್ತು ವರ್ಷ ಅಲ್ಲಾಡಿರಲಿಲ್ಲ. 55,000 ಆ ಗೆರೆಯ ಮೇಲೇ ಇತ್ತು.

ಜುಲೈ 1

2023ರ ಏಪ್ರಿಲ್ 27ರಂದು ಅಲ್ಲಿನ ಸರ್ಕಾರ ಈ ಗೆರೆಯನ್ನು 70,000ಕ್ಕೆ ಏರಿಸುತ್ತೇವೆ, ಜುಲೈ 1ರಿಂದ ಜಾರಿ ಎಂದು ಹೇಳಿತು. ಜುಲೈ 1ಕ್ಕೆ ಮುಂಚೆ ಮಾಲೀಕರು ನಾಮಿನೇಷನ್ ಅರ್ಜಿ, ಅಂದರೆ ಈ ಕೆಲಸಕ್ಕೆ ಇವರನ್ನು ಕರೆಸುತ್ತೇವೆ ಎಂದು ಸರ್ಕಾರಕ್ಕೆ ಕೊಡುವ ಅರ್ಜಿ, ಹಾಕಿದ್ದರೆ ಹಳೆಯ 53,900 ಸಾಕು. ಆ ದಿನ ಅಥವಾ ಆಮೇಲೆ ಹಾಕಿದರೆ 70,000.

ಎರಡು ತಿಂಗಳು ಸಮಯ ಇತ್ತು. ಸಾಕಾಗಬೇಕಿತ್ತು, ಆಗಲಿಲ್ಲ. ನಾಮಿನೇಷನ್ ಹಾಕುವ ಮುಂಚೆ ಮಾಲೀಕರು ಆ ಕೆಲಸಕ್ಕೆ ಅಲ್ಲಿಯವರೇ ಸಿಗುತ್ತಾರಾ ಎಂದು ಕನಿಷ್ಠ ನಾಲ್ಕು ವಾರ ಜಾಹೀರಾತು ಹಾಕಿ ನೋಡಬೇಕು. ನಮ್ಮ ಮಾಲೀಕರು ಜಾಹೀರಾತು ಹಾಕಿದ್ದು ಜೂನ್ ಮೊದಲ ವಾರ ಕಳೆದ ಮೇಲೆ. ನಾಲ್ಕು ವಾರ ಮುಗಿಯುವಷ್ಟರಲ್ಲಿ ಜುಲೈ ಬಂದೇ ಬಿಟ್ಟಿತು. ಇಲ್ಲಿ ಭಟ್ಟರ ಕಡೆಯಿಂದ ತಡ ಆಗಿರಲಿಲ್ಲ, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಮೇ ತಿಂಗಳಲ್ಲೇ ಮುಗಿಸಿದ್ದರು. ಅನುಭವದ ಪತ್ರಗಳೂ ಸಿಕ್ಕಿದ್ದವು. ಹಳೆಯ ಹೋಟೆಲಿನವರು ಪಿಎಫ್ ಕಟ್ಟಿದ್ದು ಇಲ್ಲಿ ಕೈ ಹಿಡಿಯಿತು, ಕೈಗೆ ಕ್ಯಾಶ್ ಕೊಡುವ ಕಡೆ ಆರು ವರ್ಷ ದುಡಿದಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ.

ಹೀಗೆ 55,000ದ ಆಫರ್ ಒಂದು ವಾರದ ಅಂತರದಲ್ಲಿ ಸತ್ತಿತು.

ಹೊಸ ಕಾಗದ

ಜುಲೈ ಕೊನೆಗೆ ಮಾಲೀಕರಿಂದ ಹೊಸ ಕರಾರು ಪತ್ರ ಬಂತು. ಭಟ್ಟರು ಖುಷಿಯಾಗಿ ಫೋನು ಮಾಡಿದರು, "ಸಾರ್, ಎಪ್ಪತ್ತು ಸಾವಿರ ಹಾಕಿದಾರೆ, ಆಯ್ತು ಕೆಲಸ." ಸಂಜೆ ಅವರ ಮನೆಗೆ ಹೋದೆ. ಭಟ್ಟರ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ರಸ್ತೆಯ ಹೆಂಗಸರ ಚೀಟಿ ಲೆಕ್ಕವನ್ನೂ ಇಟ್ಟುಕೊಳ್ಳುತ್ತಾರೆ. ಹೊಲಿಗೆ ಮಿಷನ್ನಿನ ಮೇಲೇ ಕಾಗದ ಹರಡಿ ಇಟ್ಟುಕೊಂಡು ಕೂತಿದ್ದರು. ಒಂದು ಸಾಲಿನ ಕೆಳಗೆ ಬಟ್ಟೆಗೆ ಗುರುತು ಹಾಕುವ ಚಾಕ್‌ನಲ್ಲಿ ಗೆರೆ ಎಳೆದಿದ್ದರು.

"ಅಣ್ಣಾ, ಇಲ್ಲಿ ಒಟ್ಟು ಪ್ಯಾಕೇಜ್ 70,000, ಸೂಪರ್‌ಆನ್ಯುಯೇಷನ್ ಸೇರಿ ಅಂತ ಇದೆ. ಈ ಸೂಪರ್ ಅಂದ್ರೆ ನಮ್ಮ ಪಿಎಫ್ ಥರಾನಾ?"

ಹೌದು, ಅದೇ ಥರ. ಇಡೀ ಪ್ರಕರಣದಲ್ಲಿ ಮೊದಲ ತಿರುವು ಈ ಪ್ರಶ್ನೆಯೇ. ಬೆಂಗಳೂರಿನಲ್ಲಿ ನಮಗೆಲ್ಲ ಸಿಟಿಸಿ ಅಭ್ಯಾಸ ಆಗಿಬಿಟ್ಟಿದೆ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್, ಊಟದ ಕೂಪನ್ ಎಲ್ಲ ಕೂಡಿಸಿ ಒಂದು ದೊಡ್ಡ ಮೊತ್ತ ಹೇಳುತ್ತಾರೆ, ನಾವೂ ಅದನ್ನೇ ಸಂಬಳ ಎಂದುಕೊಳ್ಳುತ್ತೇವೆ. ಆ ಕಣ್ಣಿನಲ್ಲಿ ಓದಿದರೆ ಈ ಕಾಗದದಲ್ಲಿ ಏನೂ ತಪ್ಪು ಕಾಣುವುದಿಲ್ಲ. ಆದರೆ ಟಿಎಸ್‌ಎಂಐಟಿ ಸಿಟಿಸಿ ಅಲ್ಲ. ಮಾಲೀಕರು ಕಡ್ಡಾಯವಾಗಿ ಕಟ್ಟಬೇಕಾದ ಸೂಪರ್ ಅದರಲ್ಲಿ ಸೇರುವುದಿಲ್ಲ, ಅದು ಮೇಲೆ ಬೇರೆ. 2023ರ ಜುಲೈಯಿಂದ ಆ ವರ್ಷ ಸೂಪರ್ ದರ ಶೇಕಡಾ 11 ಇತ್ತು. 70,000ವನ್ನು 1.11ರಿಂದ ಭಾಗಿಸಿದರೆ 63,063. ಅಂದರೆ ನಿಜವಾದ ಸಂಬಳ 63,063, ಗೆರೆಗಿಂತ 6,937 ಡಾಲರ್ ಕಡಿಮೆ.

ಮಾಲೀಕರಿಗೆ ಭಟ್ಟರು ಇದನ್ನು ವಿನಯವಾಗಿಯೇ ಬರೆದರು. ಉತ್ತರ ಬೇಗ ಬಂತು: ಸರಿ, 63,000 ಸಂಬಳ, ರೂಮಿಗೆ ವರ್ಷಕ್ಕೆ 7,000 ಬೆಲೆ ಕಟ್ಟೋಣ, ಒಟ್ಟು 70,000 ಆಯಿತಲ್ಲ. ಅದೂ ನಡೆಯುವುದಿಲ್ಲ. ಊಟ, ವಸತಿ ಇಂಥವನ್ನು ಬೆಲೆ ಕಟ್ಟಿ ಈ ಗೆರೆಗೆ ಕೂಡಿಸುವ ಹಾಗಿಲ್ಲ. ದುಡ್ಡಾಗಿಯೇ ಬರಬೇಕು, ಖಾತ್ರಿಯಾಗಿಯೂ ಬರಬೇಕು. ಕೆಲಸ ಜಾಸ್ತಿ ಇದ್ದಾಗ ಸಿಗಬಹುದಾದ ಓವರ್‌ಟೈಮ್, ಮಾಲೀಕರ ಮನಸ್ಸಿಗೆ ಬಂದರೆ ಕೊಡುವ ಬೋನಸ್, ಇವೂ ಲೆಕ್ಕಕ್ಕಿಲ್ಲ.

ಇಷ್ಟು ಬಿಗಿ ಯಾಕೆ ಎಂದು ಭಟ್ಟರು ಕೇಳಿದರು. ವಾರಕ್ಕೆ 38 ಗಂಟೆ, 52 ವಾರ ಹಿಡಿದರೆ ವರ್ಷಕ್ಕೆ 1,976 ಗಂಟೆ. ಹಳೆಯ ಗೆರೆ 53,900ಕ್ಕೆ ಗಂಟೆಗೆ 27 ಡಾಲರ್ 28 ಸೆಂಟ್ ಬೀಳುತ್ತದೆ. ಅದೇ ಜುಲೈನಲ್ಲಿ ಅಲ್ಲಿನ ಯಾವ ಕೆಲಸಕ್ಕಾದರೂ ಕೊಡಲೇಬೇಕಾದ ಕನಿಷ್ಠ ಕೂಲಿ 23 ಡಾಲರ್ 23 ಸೆಂಟ್ ಆಗಿತ್ತು. ನುರಿತ ಕೆಲಸದವರು ಬೇಕು ಎಂದು ಕರೆಸಿ, ಕನಿಷ್ಠ ಕೂಲಿಗಿಂತ ನಾಲ್ಕು ಡಾಲರ್ ಮಾತ್ರ ಮೇಲೆ ಕೊಡುವ ಸ್ಥಿತಿಗೆ ಆ ಗೆರೆ ಇಳಿದಿತ್ತು. 70,000ಕ್ಕೆ ಗಂಟೆಗೆ 35 ಡಾಲರ್ 43 ಸೆಂಟ್. ಈ ಲೆಕ್ಕ ಹಾಕಿ ತೋರಿಸಿದ ಮೇಲೆ ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಫೋನಿನಲ್ಲಿ ಬಂದ ಮಾತು

ಮೂರನೇ ಪ್ರಸ್ತಾಪ ಕಾಗದದಲ್ಲಿ ಬರಲಿಲ್ಲ. ಆಗಸ್ಟ್‌ನಲ್ಲಿ ಒಂದು ರಾತ್ರಿ ವಾಟ್ಸಾಪ್ ಕಾಲ್ ಬಂತು. ಕರಾರಿನಲ್ಲಿ ಪೂರ್ತಿ 70,000 ಹಾಕುತ್ತೇನೆ, ಬ್ಯಾಂಕಿಗೂ ಅಷ್ಟೇ ಹಾಕುತ್ತೇನೆ, ನೀವು ಪ್ರತಿ ವಾರ 250 ಡಾಲರ್ ರೂಮಿನ ಬಾಬ್ತು ಎಂದು ಕೈಗೆ ವಾಪಸ್ ಕೊಡಿ. ರಸೀದಿ ಏನೂ ಬೇಡ. ಜೊತೆಗೆ ಸ್ಪಾನ್ಸರ್ ಮಾಡಲು ಸರ್ಕಾರಕ್ಕೆ ಕಟ್ಟುವ ತರಬೇತಿ ಶುಲ್ಕ ಇದೆ, ಅದನ್ನೂ ನಿಧಾನವಾಗಿ ಹಿಡಿದುಕೊಳ್ಳುತ್ತೇನೆ.

ಆ ಶುಲ್ಕ ಅಂದರೆ ಎಸ್‌ಎಎಫ್ ಲೆವಿ. ವರ್ಷದ ವಹಿವಾಟು ಒಂದು ಕೋಟಿ ಡಾಲರಿಗಿಂತ ಕಡಿಮೆ ಇರುವವರಿಗೆ ವೀಸಾದ ಒಂದೊಂದು ವರ್ಷಕ್ಕೆ 1,200 ಡಾಲರ್. ಅದನ್ನು ಮಾಲೀಕರೇ ಭರಿಸಬೇಕು, ಕೆಲಸದವರಿಂದ ವಸೂಲು ಮಾಡುವ ಹಾಗಿಲ್ಲ. ವೀಸಾ ಅರ್ಜಿಯ ಶುಲ್ಕವನ್ನು ಬೇಕಾದರೆ ಕೆಲಸದವರು ಕಟ್ಟಿಕೊಳ್ಳಬಹುದು, ಸ್ಪಾನ್ಸರ್ ಆಗುವ ಮತ್ತು ಕೆಲಸಕ್ಕೆ ಆಳು ಹುಡುಕುವ ಖರ್ಚು ಮಾತ್ರ ಮಾಲೀಕರದ್ದೇ.

ಭಟ್ಟರು ಒಪ್ಪಿಕೊಳ್ಳಲು ಮುಕ್ಕಾಲು ಪಾಲು ತಯಾರಾಗಿದ್ದರು. ಅವರನ್ನು ನಾನು ತಪ್ಪು ಎನ್ನುವುದಿಲ್ಲ. 45 ಸಾವಿರದಲ್ಲಿ ಬಾಡಿಗೆ, ಇಬ್ಬರು ಮಕ್ಕಳ ಫೀಸು, ಊರಲ್ಲಿ ಅಪ್ಪನ ಔಷಧಿ ನಡೆಯಬೇಕು. "ವಾಪಸ್ ಕೊಟ್ರೂ 57,000 ಉಳೀತದಲ್ಲ ಸಾರ್, ಮೊದಲು ಹೇಳಿದ್ದಕ್ಕಿಂತ ಜಾಸ್ತಿನೇ ಆಯ್ತು" ಎಂದರು.

ಆ ರಾತ್ರಿ ನಾವು ಮೂವರು ಕೂತು ಮಾಡಿದ ಲೆಕ್ಕವೇ ಎರಡನೇ ತಿರುವು. ಚೀಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆವು. ಆ ಪುಟದ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ.

ತೆರಿಗೆ ಬೀಳುವುದು 70,000ದ ಮೇಲೆ. ವಾಪಸ್ ಕೊಡುವುದು ತೆರಿಗೆ ಕಳೆದು ಕೈಗೆ ಬಂದ ದುಡ್ಡಿನಿಂದ. ಆ ವರ್ಷದ ದರದಲ್ಲಿ 70,000ಕ್ಕೆ ಆದಾಯ ತೆರಿಗೆ 13,217. ಉಳಿಯುವುದು 56,783. ಅದರಲ್ಲಿ ವಾರಕ್ಕೆ 250ರಂತೆ ವರ್ಷಕ್ಕೆ 13,000 ಹೋದರೆ ಕೈಯಲ್ಲಿ 43,783. ಈಗ ಮೊದಲ ಆಫರ್ ನೋಡಿ. 55,000ಕ್ಕೆ ಕಡಿಮೆ ಆದಾಯದವರ ರಿಯಾಯಿತಿ ಕಳೆದು ತೆರಿಗೆ 8,167, ಕೈಗೆ 46,833. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಹಿಡಿಯುವ ಮೆಡಿಕೇರ್ ಲೆವಿಯನ್ನು ಎರಡರಲ್ಲೂ ಬಿಟ್ಟು ಮಾಡಿದ ಲೆಕ್ಕ ಇದು. ಅಂದರೆ ಕಾಗದದ ಮೇಲೆ 15,000 ಏರಿದ ಸಂಬಳದಲ್ಲಿ ಭಟ್ಟರಿಗೆ ಸಿಗುವುದು ಹಳೆಯ ಆಫರಿಗಿಂತ 3,050 ಡಾಲರ್ ಕಡಿಮೆ. ನಮ್ಮ ದುಡ್ಡಲ್ಲಿ 1 ಲಕ್ಷ 67 ಸಾವಿರ.

ದುಡ್ಡಿನದ್ದು ಇಷ್ಟು. ಕಾನೂನಿನದ್ದು ಇನ್ನೂ ಕಷ್ಟ. ನಿಜವಾಗಿ ವಾಸ ಮಾಡಿ ನ್ಯಾಯವಾದ ಬಾಡಿಗೆ ಕೊಟ್ಟರೆ ಅದರಲ್ಲಿ ತಪ್ಪಿಲ್ಲ. ಆದರೆ ನಾಲ್ಕು ಜನ ಹಂಚಿಕೊಳ್ಳುವ ರೂಮಿಗೆ ತಲೆಗೆ 250, ಕ್ಯಾಶ್, ರಸೀದಿ ಇಲ್ಲ, ಒಪ್ಪದಿದ್ದರೆ ಸ್ಪಾನ್ಸರ್ ಇಲ್ಲ ಎಂದರೆ ಅದು ಬಾಡಿಗೆ ಅಲ್ಲ. ಸ್ಪಾನ್ಸರ್ ಮಾಡುವುದಕ್ಕೆ ಪ್ರತಿಯಾಗಿ ದುಡ್ಡು ಕೇಳುವುದು, ಪಡೆಯುವುದು, ಕೊಡುವುದು ಎಲ್ಲವೂ ಆಸ್ಟ್ರೇಲಿಯಾದಲ್ಲಿ 2015ರ ಡಿಸೆಂಬರ್ 14ರಿಂದ ಕಾನೂನಿಗೆ ವಿರುದ್ಧ. ಕೊಟ್ಟವರಿಗೂ ದಂಡ ಬೀಳಬಹುದು, ವೀಸಾ ರದ್ದಾಗಬಹುದು. ಇಲ್ಲಿ ತುಂಬಾ ಜನ ಮಾಲೀಕರಿಗೆ ಮಾತ್ರ ತೊಂದರೆ, ನಮಗೇನು ಎಂದುಕೊಂಡಿದ್ದಾರೆ. ಹಾಗಿಲ್ಲ. ಮಕ್ಕಳನ್ನು ಇಲ್ಲಿನ ಸ್ಕೂಲು ಬಿಡಿಸಿ ಕರೆದುಕೊಂಡು ಹೋದ ಮೇಲೆ ವೀಸಾ ಹೋದರೆ ಏನು ಗತಿ ಎಂದು ಭಟ್ಟರ ಹೆಂಡತಿ ಕೇಳಿದರು. ಅದಕ್ಕೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಮಾರನೇ ದಿನ ಭಟ್ಟರು ಆಗುವುದಿಲ್ಲ ಎಂದರು.

ಪೂರ್ತಿ ಕೊಡುತ್ತೇನೆಂದರೂ ಆಗಲಿಲ್ಲ

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಹದಿನೈದು ದಿನದ ಮೇಲೆ ಮಾಲೀಕರೇ ಫೋನು ಮಾಡಿದರು. ಒಳ್ಳೆ ಕೈ ಬಿಡಲು ಮನಸ್ಸಿಲ್ಲ, 70,000 ಸಂಬಳ, ಸೂಪರ್ ಬೇರೆ, ವಾಪಸ್ ಏನೂ ಬೇಡ ಎಂದರು. ಆ ಮನುಷ್ಯ ಕೆಟ್ಟವರೇನಲ್ಲ ಎಂದು ನನಗೆ ಅನಿಸಿದ್ದು ಆಗ. ಬಿಸಿನೆಸ್ ಬಿಗಿಯಾಗಿತ್ತು, ಸುತ್ತಮುತ್ತ ಬೇರೆಯವರು ಮಾಡಿದ್ದನ್ನು ನೋಡಿದ್ದರು, ತಾವೂ ಮಾಡಹೊರಟಿದ್ದರು. ಈ ಸಲ ಅವರು ಅಲ್ಲಿನ ನೋಂದಾಯಿತ ಮೈಗ್ರೇಷನ್ ಏಜೆಂಟ್ ಒಬ್ಬರ ಹತ್ತಿರ ಹೋದರು.

ಏಜೆಂಟ್ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಕಿಚನ್‌ನಲ್ಲಿ ಇದೇ ಕೆಲಸ ಮಾಡುವ ಆಸ್ಟ್ರೇಲಿಯದವರು ಇದ್ದಾರಾ, ಅವರಿಗೆ ಎಷ್ಟು ಕೊಡುತ್ತೀರಿ? ಇದ್ದರು. ಅಲ್ಲಿನ ಪ್ರಜೆ, ಆರು ವರ್ಷದ ಅನುಭವ. ಸಂಬಳ 58,000.

ನಾನು ಅಷ್ಟೂ ದಿನ 70,000ವನ್ನೇ ಹಿಡಿದುಕೊಂಡು ಲೆಕ್ಕ ಮಾಡಿದ್ದೆ. ಈ ಪ್ರಶ್ನೆಯನ್ನು ನಾನು ಫೆಬ್ರವರಿಯಲ್ಲೇ ಕೇಳಿಸಬೇಕಿತ್ತು, ಕೇಳಿಸಲಿಲ್ಲ. ನಿಯಮದಲ್ಲಿ ಎರಡು ಮಾತಿವೆ. ಒಂದು ಆ ಕನಿಷ್ಠ ಗೆರೆ. ಇನ್ನೊಂದು ಮಾರುಕಟ್ಟೆ ದರ, ಅಂದರೆ ಅದೇ ಜಾಗದಲ್ಲಿ ಅದೇ ಕೆಲಸಕ್ಕೆ ಅಲ್ಲಿಯವರಿಗೆ ಸಿಗುವ ಸಂಬಳ. ಹೊರಗಿನಿಂದ ಬಂದವರಿಗೆ ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ, ಇದು ಎಲ್ಲರಿಗೂ ಗೊತ್ತಿರುತ್ತದೆ. ಜನ ಗಮನಿಸದೆ ಹೋಗುವುದು ಇದರ ಇನ್ನೊಂದು ಮಗ್ಗುಲನ್ನು: ಆ ಮಾರುಕಟ್ಟೆ ದರವೇ ಗೆರೆಗಿಂತ ಕೆಳಗಿದ್ದರೆ ಆ ಕೆಲಸಕ್ಕೆ ಸ್ಪಾನ್ಸರ್ ಮಾಡಲು ಬರುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ 58,000 ಕೊಟ್ಟು ಭಟ್ಟರಿಗೆ ಮಾತ್ರ ವೀಸಾಕ್ಕಾಗಿ 70,000 ಎಂದು ಬರೆದರೆ ಅರ್ಜಿ ನಿಲ್ಲುವುದಿಲ್ಲ. ಸಂಬಳವನ್ನು ಗೆರೆಗೆ ಮುಟ್ಟಿಸಲೆಂದೇ ಉಬ್ಬಿಸಿದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅದೂ ಅಲ್ಲದೆ ಜೂನ್‌ನಲ್ಲಿ ಹಾಕಿದ್ದ ಜಾಹೀರಾತಿನಲ್ಲಿ ಸಂಬಳ 55,000 ಎಂದು ಅಚ್ಚಾಗಿತ್ತು. 96,400 ಡಾಲರಿಗಿಂತ ಕಡಿಮೆ ಸಂಬಳದ ಕೆಲಸವಾದರೆ ಜಾಹೀರಾತಿನಲ್ಲಿ ಸಂಬಳ ಹಾಕಲೇಬೇಕು. ಹಾಗಾಗಿ ಅವರ ಜಾಹೀರಾತೇ ಅವರಿಗೆ ಎದುರು ಸಾಕ್ಷಿ.

ದಾರಿ ಒಂದೇ ಉಳಿದಿತ್ತು, ಇಬ್ಬರಿಗೂ ಏರಿಸುವುದು. ಮಾಲೀಕರು ಎರಡು ವಾರ ಲೆಕ್ಕ ಹಾಕಿ, ನನ್ನ ಕೈಲಾಗುವುದಿಲ್ಲ ಎಂದು ನೇರವಾಗಿ ಹೇಳಿದರು. ಭಟ್ಟರಿಗೆ ಬೇಜಾರಾಯಿತು, ಆದರೆ ಆ ನೇರ ಮಾತಿಗೆ ಗೌರವ ಕೊಟ್ಟರು. ಈಗಲೂ ಹಬ್ಬಕ್ಕೆ ಇಬ್ಬರೂ ಮೆಸೇಜ್ ಹಾಕಿಕೊಳ್ಳುತ್ತಾರೆ.

ಎರಡನೇ ಸಲ

ನಡುವೆ ಬೆಂಗಳೂರಿನದೇ ಒಬ್ಬ ಮಧ್ಯವರ್ತಿ ನಾಲ್ಕು ಲಕ್ಷ ಕೊಟ್ಟರೆ ಎರಡು ತಿಂಗಳಲ್ಲಿ ಸ್ಪಾನ್ಸರ್ ಹುಡುಕಿ ಕೊಡುತ್ತೇನೆ ಎಂದ. ಭಟ್ಟರು ಆ ಹೊತ್ತಿಗೆ ಪಳಗಿದ್ದರು, ನಾಮಿನೇಷನ್ ಹಾಕುವ ಮಾಲೀಕರು ಯಾರು, ಅಲ್ಲಿಯವರಿಗೆ ಎಷ್ಟು ಕೊಡುತ್ತಾರೆ ಎಂದು ಎರಡೇ ಪ್ರಶ್ನೆ ಕೇಳಿದರು. ಆತ ಮತ್ತೆ ಫೋನು ಎತ್ತಲಿಲ್ಲ.

2024ರ ಫೆಬ್ರವರಿಯಲ್ಲಿ, ದೊಡ್ಡ ಹೋಟೆಲಿನಲ್ಲಿ ಜೊತೆಗಿದ್ದ ಹಳೆಯ ಸ್ನೇಹಿತರೊಬ್ಬರ ಮೂಲಕ ಇನ್ನೊಂದು ಕಡೆ ಮಾತು ಶುರುವಾಯಿತು. ಮದುವೆ, ಪಾರ್ಟಿಗಳಿಗೆ ಅಡುಗೆ ಮಾಡುವ, ಕೂತು ಊಟ ಬಡಿಸುವ ಜಾಗ. ಇದೂ ಮುಖ್ಯವೇ: ಶೆಫ್ ಕೆಲಸಕ್ಕೆ 482ರಲ್ಲಿ ಫಾಸ್ಟ್‌ಫುಡ್, ಟೇಕ್‌ಅವೇ ಅಂಗಡಿ, ಚಿಕ್ಕ ಕೆಫೆ ಇಂಥ ಕಡೆಗಳನ್ನು ಒಪ್ಪುವುದಿಲ್ಲ. ನಮ್ಮ ದರ್ಶಿನಿ ಥರ ನಿಂತು ತಿಂದು ಹೋಗುವ ಹೋಟೆಲು ಅಲ್ಲಿ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಈ ದಾರಿ ಕಷ್ಟ.

ಈ ಸಲ ಭಟ್ಟರು ಸಂಬಳ ಎಷ್ಟು ಎಂದು ಕೊನೆಗೆ ಕೇಳಿದರು. ಮೊದಲು ಕೇಳಿದ್ದು, ನನ್ನ ಜಾಗದಲ್ಲಿ ಈಗ ಅಲ್ಲಿಯವರು ಯಾರಾದರೂ ಇದ್ದಾರಾ, ಅವರ ಸಂಬಳ ಎಷ್ಟು ಎಂದು. ಇಬ್ಬರಿದ್ದರು, ಇಬ್ಬರಿಗೂ 74,000, ಸೂಪರ್ ಬೇರೆ. ಭಟ್ಟರಿಗೂ ಅಷ್ಟೇ. ಗೆರೆ ಆಗ 70,000 ಇತ್ತು, ಪ್ರತಿ ವರ್ಷ ಜುಲೈನಲ್ಲಿ ಏರುತ್ತದೆ ಎಂದು ಏಜೆಂಟ್ ಹೇಳಿದ್ದರಿಂದ ನಾಲ್ಕು ಸಾವಿರ ಮೇಲಿರುವುದು ಧೈರ್ಯ ಕೊಟ್ಟಿತು. ಹಾಗೇ ಆಯಿತು, 2024ರ ಜುಲೈ 1ರಿಂದ ಅದು 73,150 ಆಯಿತು. ಅರ್ಜಿ ಏಪ್ರಿಲ್‌ನಲ್ಲೇ ಹೋಗಿತ್ತು, ಸ್ವಲ್ಪ ತಡವಾಗಿ ಹೋಗಿದ್ದರೂ ಆ ಸಂಬಳ ನಿಲ್ಲುತ್ತಿತ್ತು.

ಕರಾರನ್ನು ಓದುವಾಗ ನಾವು ನಾಲ್ಕು ಜಾಗಕ್ಕೆ ಗುರುತು ಹಾಕಿದೆವು. ಮೂಲ ಸಂಬಳ ಒಂದೇ ಸಾಲಿನಲ್ಲಿ ಇದೆಯಾ, ಸೂಪರ್ ಮೇಲೆ ಬೇರೆ ಎಂದು ಬರೆದಿದೆಯಾ, ವಾರದ ಗಂಟೆ 38 ಎಂದಿದೆಯಾ, ಸಂಬಳದಿಂದ ಏನಾದರೂ ಹಿಡಿಯುತ್ತೇವೆ ಎಂದಿದೆಯಾ. ಕೊನೆಯದು ಖಾಲಿ ಇತ್ತು. ವಾಸಕ್ಕೆ ಭಟ್ಟರೇ ಬೇರೆ ಕಡೆ ಮನೆ ಹುಡುಕಿಕೊಂಡರು, ಮಾಲೀಕರ ರೂಮು ಬೇಡವೆಂದು ಹೆಂಡತಿ ಖಡಾಖಂಡಿತ ಹೇಳಿದ್ದರು.

ಈಗ ಇದನ್ನು ಓದಿ ಹೊರಡುವವರಿಗೆ ಅಂಕಿಗಳು ಬದಲಾಗಿವೆ. 2024ರ ಡಿಸೆಂಬರ್ 7ರಿಂದ ಈ ವೀಸಾದ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್, ಸಂಖ್ಯೆ ಅದೇ 482. ಸಾಮಾನ್ಯ ಕೆಲಸಗಳ ಗೆರೆ 2025ರ ಜುಲೈ 1ರಂದು 76,515 ಆಯಿತು. ಅನುಭವ ಎರಡು ವರ್ಷದ ಬದಲು ಒಂದು ವರ್ಷ ಸಾಕು. ನನಗೆ ಎಲ್ಲಕ್ಕಿಂತ ದೊಡ್ಡದು ಎನಿಸಿದ್ದು 2024ರ ಜುಲೈ 1ರಿಂದ ಬಂದ ಬದಲಾವಣೆ. ಮೊದಲು ಕೆಲಸ ಬಿಟ್ಟರೆ ಹೊಸ ಸ್ಪಾನ್ಸರ್ ಹುಡುಕಲು 60 ದಿನ ಮಾತ್ರ, ಈಗ ಒಮ್ಮೆಗೆ 180 ದಿನ. ಒಟ್ಟು ವೀಸಾ ಅವಧಿಯಲ್ಲಿ 365 ದಿನದ ತನಕ. ಆ ದಿನಗಳಲ್ಲಿ ಬೇರೆ ಕಡೆ ದುಡಿಯಲೂಬಹುದು. 60 ದಿನದ ಹೆದರಿಕೆಯಲ್ಲೇ ಎಷ್ಟೋ ಜನ ಸಂಬಳ ವಾಪಸ್ ಕೊಡುತ್ತಾ ಬಾಯಿ ಮುಚ್ಚಿಕೊಂಡು ಇರುತ್ತಿದ್ದರು. ವೀಸಾ ಹೆಸರು ಹೇಳಿ ಹೆದರಿಸಿ ದುಡಿಸಿಕೊಳ್ಳುವುದೂ ಅದೇ ದಿನದಿಂದ ಅಪರಾಧ.

ಭಟ್ಟರು 2024ರ ಆಗಸ್ಟ್‌ನಲ್ಲಿ ಹೊರಟರು. ಮೂರನೇ ವಾರಕ್ಕೆ ಅವರ ಹೆಂಡತಿಯಿಂದ ನನಗೆ ಒಂದು ಫೋಟೋ ಬಂತು, ಭಟ್ಟರು ಕಳಿಸಿದ್ದ ಮೊದಲ ಪೇಸ್ಲಿಪ್. ವಾರದ ಸಂಬಳ 1,423.08. ಅದರ ಕೆಳಗೆ ಸೂಪರ್ 163.65, ಅದಕ್ಕೆ ಕೆಂಪು ಗೆರೆಯಲ್ಲಿ ಸುತ್ತು ಹಾಕಿದ್ದರು. "ಅಣ್ಣಾ, ಇದು ಮೇಲೆ ಬೇರೆ ತಾನೇ?"

1,423.08ನ್ನು 52ರಿಂದ ಗುಣಿಸಿ ನೋಡಿದೆ. 74,000 ಡಾಲರ್ 16 ಸೆಂಟ್ ಬಂತು. ಹೌದಮ್ಮ, ಬೇರೆಯೇ, ಎಂದು ಬರೆದೆ.